ನಮ್ಮ ವಾಚನಾಲಯದ ಕಪಾಟಿನ ಬೀಗ

(ಸಂಘದ ಉಚಿತ ವಾಚನಾಲಯದ ವಾರ್ಷಿಕ ಸಭೆಯಲ್ಲಿ ವಾಚನಾಲಯ ಸಮಿತಿಯ ಪರವಾಗಿ ಮಾಡಿದ ಭಾಷಣ)



ವಾಚನಾಲಯ ಸಮಿತಿಯವರೆಂದರೆ ನಾವು ಮೂವರು. ಮೂವರೂ ಒಟ್ಟಿಗೆ ಮಾತನಾಡಿದರೆ ಗದ್ದಲವಾದೀತೆಂದು ಅಧ್ಯಕ್ಷರು ಒಬ್ಬರನ್ನೇ ನಿಲ್ಲಿಸಿದ್ದಾರೆ. ಆದರೂ ಹೇಳುವುದೆಲ್ಲ ಮೂವರ ಮಾತು, ತಪ್ಪೂ ಮೂವರದೇ. ಪ್ರತಿವರ್ಷ ಈ ಸಭೆಯಲ್ಲಿ ಎಷ್ಟು ಪತ್ರಿಕೆ ತರಿಸಿದೆವು, ಎಷ್ಟು ಪುಸ್ತಕ ಕೊಂಡೆವು, ಯಾರು ಯಾರು ದಾನ ಕೊಟ್ಟರು ಎಂಬ ವರದಿ ಓದಿ, ಚಪ್ಪಾಳೆ ತಟ್ಟಿಸಿಕೊಂಡು, ಉಪ್ಪಿಟ್ಟು ಕಾಫಿಗೆ ಏಳುವುದು ವಾಡಿಕೆ. ಆ ವರದಿ ಅಚ್ಚಾಗಿ ತಮ್ಮ ಕೈಯಲ್ಲಿದೆ. ಅದನ್ನೇ ಮತ್ತೆ ಓದಿ ತಮ್ಮ ಹೊತ್ತು ಕಳೆಯುವುದಿಲ್ಲ. ಈ ಸಲ ನಾವು ಮಾಡಿದ ಒಂದು ತಪ್ಪನ್ನು ಅರಿಕೆ ಮಾಡಿಕೊಂಡು, ನಾವೇ ಬರೆದ ಒಂದು ನಿರ್ಣಯವನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಭೆಯ ಒಪ್ಪಿಗೆ ಕೇಳಬೇಕಾಗಿದೆ.

ಎರಡು ವರ್ಷಗಳ ಹಿಂದಿನ ಮಾತು. ಯುಗಾದಿಗೆ ಮುಂಚೆ ಕಪಾಟುಗಳನ್ನೆಲ್ಲ ಖಾಲಿಮಾಡಿ, ಧೂಳು ಝಾಡಿಸಿ, ಪುಸ್ತಕಗಳನ್ನು ಪಟ್ಟಿಯೊಡನೆ ತಾಳೆ ನೋಡಿದೆವು. ಏಳು ಪುಸ್ತಕ ಸಿಗಲಿಲ್ಲ. ಮೂರು ಕಾದಂಬರಿ, ಒಂದು ನಾಟಕ, ಒಂದು ಜ್ಯೋತಿಷ್ಯ, ಒಂದು ಅಡಿಗೆಯ ಪುಸ್ತಕ, ಒಂದು ಇಂಗ್ಲಿಷ್–ಕನ್ನಡ ನಿಘಂಟು. ನಿಘಂಟು ಹೋದದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು. ಆ ಸಂಜೆಯೇ ಸಮಿತಿ ಕೂಡಿ ನಿರ್ಣಯ ಬರೆದೆವು. ಕಪಾಟುಗಳಿಗೆ ಬೀಗ ಹಾಕತಕ್ಕದ್ದು. ಬೇಕಾದವರು ಪಟ್ಟಿ ನೋಡಿ ಚೀಟಿ ಬರೆದುಕೊಡತಕ್ಕದ್ದು. ಮನೆಗೆ ಒಯ್ಯುವವರು 500 ರೂಪಾಯಿ ಠೇವಣಿ ಇಡತಕ್ಕದ್ದು. ಅಲ್ಲದೆ ದೆಹಲಿಯ ವಿಳಾಸವುಳ್ಳ ದಾಖಲೆ ತೋರಿಸತಕ್ಕದ್ದು. ಈ ‘ತಕ್ಕದ್ದು’ ಎಂಬ ಪದವನ್ನು ಬರೆಯುವಾಗ ನಮಗೆ ಒಂದು ಬಗೆಯ ಸುಖವಾಯಿತೆಂದು ಒಪ್ಪಿಕೊಳ್ಳಬೇಕು. ಹಗಲೆಲ್ಲ ಕಚೇರಿಯಲ್ಲಿ ಇತರರು ಬರೆದ ತಕ್ಕದ್ದುಗಳನ್ನು ಪಾಲಿಸುವ ಗುಮಾಸ್ತನಿಗೆ ಸಂಜೆ ತಾನೇ ಒಂದನ್ನು ಬರೆಯುವ ಅವಕಾಶ ಸಿಕ್ಕರೆ ಬಿಡುವನೇ?

ಬೀಗ ಬಿತ್ತು. ಮುಂದಿನ ಯುಗಾದಿಯ ಎಣಿಕೆಯಲ್ಲಿ ಒಂದು ಪುಸ್ತಕವೂ ಕಳೆದಿರಲಿಲ್ಲ. ನಾವು ಹಿಗ್ಗಿದೆವು. ಆಮೇಲೆ ಎರವಲು ಕೊಟ್ಟ ರಿಜಿಸ್ಟರನ್ನು ತೆರೆದು ನೋಡಿದಾಗ ಆ ಹಿಗ್ಗು ಇಳಿಯಿತು. ಏಳು ಪುಸ್ತಕ ಕಳೆದ ವರ್ಷದಲ್ಲಿ ಹೊರಗೆ ಹೋಗಿ ಬಂದ ಪುಸ್ತಕಗಳು 1,400ಕ್ಕೆ ಮೇಲೆ. ಏನೂ ಕಳೆಯದ ವರ್ಷದಲ್ಲಿ 300 ಕೂಡ ಇಲ್ಲ. ಒಂದು ಪುಸ್ತಕವನ್ನೂ ಕಳೆದುಕೊಳ್ಳದಿರುವ ಉಪಾಯ ನಮಗೆ ಗೊತ್ತಾಗಿತ್ತು: ಯಾರಿಗೂ ಕೊಡದಿರುವುದು.

ಹೋದವರು ಯಾರು ಎಂದು ಹೆಸರು ಹಿಡಿದು ನೋಡಿದೆವು. ಗುಮಾಸ್ತರು ಹೋಗಿರಲಿಲ್ಲ. ಅವರಿಗೆ ಸರಕಾರಿ ವಸತಿಯೋ ಬಾಡಿಗೆ ಕರಾರೋ ಇರುತ್ತದೆ, ವಿಳಾಸದ ಕಾಗದವೂ ಇರುತ್ತದೆ. ಹೋದವರು ಹೋಟೆಲಿನ ಹುಡುಗರು, ಗಾಡಿ ಓಡಿಸುವವರು, ಕಟ್ಟಡದ ಕೆಲಸದವರು. ಅವರ ಗುರುತಿನ ಚೀಟಿಯಲ್ಲಿರುವುದು ಊರಿನ ವಿಳಾಸ. ಇಲ್ಲಿ ಅವರು ಮಲಗುವುದು ಮಾಲಿಕರು ಕೊಟ್ಟ ಕೋಣೆಯಲ್ಲಿ, ಆರು ಜನರ ನಡುವೆ. ಬೈಂದೂರಿನ ಕಡೆಯ ಒಬ್ಬ ತರುಣ, ಒಂದು ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುವವರು, ವಾರಕ್ಕೆ ಎರಡು ಪುಸ್ತಕ ಓದುತ್ತಿದ್ದವರು. ಬೀಗ ಬಿದ್ದ ಮೇಲೆ ಒಮ್ಮೆ ಬಂದು, ನಿಯಮದ ಫಲಕವನ್ನು ಪೂರ್ತಿ ಓದಿ ಹೇಳಿದರು: “ಐನೂರು ಕೊಡ್ಲಿಕ್ಕೆ ಅಡ್ಡಿ ಇಲ್ಲ ಮಾರಾಯ್ರೆ. ಆದರೆ ನಾನು ಊರಿಗೆ ಹೊರಡುವ ದಿನ ನಿಮ್ಮ ಬಾಗಿಲು ತೆರೆದಿರ್ತದೆ ಅಂತ ಯಾವ ಧೈರ್ಯದಲ್ಲಿ ಕೊಡುವುದು?” ನಮಗೆ ಉತ್ತರ ತೋಚಲಿಲ್ಲ. ನಾವು ಅವರನ್ನು ನಂಬಲಿಲ್ಲವಷ್ಟೆ. ಅವರೇಕೆ ನಮ್ಮನ್ನು ನಂಬಬೇಕು?

ಆಗ ನಾವು ನಮ್ಮ ಗೊಂದಲವನ್ನು ಪಕ್ಕಕ್ಕಿಟ್ಟು, ಈ ಕೆಲಸವನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುವವರು ಹೇಗೆ ಮಾಡುತ್ತಾರೆಂದು ವಿಚಾರಿಸಲು ತೊಡಗಿದೆವು. ದೂರ ಹೋಗಬೇಕಾಗಿರಲಿಲ್ಲ. ಹಳೆಯ ದೆಹಲಿಯ ರೈಲು ನಿಲ್ದಾಣದ ಎದುರಿಗೆ ದೆಹಲಿ ಸಾರ್ವಜನಿಕ ಗ್ರಂಥಾಲಯವಿದೆ. ಊರಿನಿಂದ ಪೆಟ್ಟಿಗೆ ಹೊತ್ತು ಬಂದು ಆ ನಿಲ್ದಾಣದಲ್ಲಿ ಇಳಿದವರು ನಮ್ಮಲ್ಲಿ ಎಷ್ಟೋ ಮಂದಿ. ರಸ್ತೆ ದಾಟಿ ಒಳಗೆ ಹೋದವರು ಕಡಿಮೆ. 1949ರಲ್ಲಿ ಯುನೆಸ್ಕೊ ಸಂಸ್ಥೆಯವರು ಸಾರ್ವಜನಿಕ ಗ್ರಂಥಾಲಯ ಹೇಗಿರಬೇಕೆಂದು ಒಂದು ಘೋಷಣೆ ಹೊರಡಿಸಿದರು. ಜಾತಿ, ಮತ, ಅಂತಸ್ತು ನೋಡದೆ ಎಲ್ಲರಿಗೂ ಸಮನಾಗಿ, ಬಿಟ್ಟಿಯಾಗಿ ದೊರೆಯಬೇಕೆಂಬುದು ಅದರ ತಿರುಳು. ಅದನ್ನು ಕಾಗದದಲ್ಲಿ ಬಿಡದೆ ಒಂದು ಊರಿನಲ್ಲಿ ಮಾಡಿ ತೋರಿಸಬೇಕೆಂದು ಭಾರತ ಸರಕಾರದೊಡನೆ ಸೇರಿ ಆರಿಸಿದ ಊರು ದೆಹಲಿ. 1951ರ ಅಕ್ಟೋಬರ್ 27ರಂದು ಜವಾಹರಲಾಲ್ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಎಡ್ವರ್ಡ್ ಸಿಡ್ನಿ ಎಂಬ ಇಂಗ್ಲಿಷ್ ಗ್ರಂಥಪಾಲರು ಬಂದು ಸಲಹೆಗಾರರಾಗಿ ನಿಂತು ಕೆಲಸದ ಕ್ರಮವನ್ನು ಕಟ್ಟಿಕೊಟ್ಟರು.

ಆ ಕಾಲವನ್ನು ನೆನೆಯಬೇಕು. ದೇಶ ವಿಭಜನೆಯಾಗಿ ನಾಲ್ಕು ವರ್ಷ. ನಗರದ ತುಂಬ ನಿರಾಶ್ರಿತರು. ಇಂದು ಇಲ್ಲಿ, ನಾಳೆ ಎಲ್ಲಿ ಎಂದು ಹೇಳಲಾರದ ಜನ. ಅಂಥ ಊರಿನಲ್ಲಿ ಚಂದಾ ಇಲ್ಲದೆ, ಠೇವಣಿ ಇಲ್ಲದೆ, ಕಪಾಟುಗಳನ್ನು ತೆರೆದಿಟ್ಟು, ಬಂದವರು ತಾವೇ ಕೈಹಾಕಿ ಪುಸ್ತಕ ಆರಿಸಿಕೊಳ್ಳಬಹುದೆಂದು ಹೇಳಿದರು. ಹಿಂದಿ, ಉರ್ದು, ಇಂಗ್ಲಿಷ್ ಮೂರು ಭಾಷೆಗಳಿಂದ ಪ್ರಾರಂಭ. ನಮ್ಮ ಏಳು ಪುಸ್ತಕಗಳ ದುಃಖವನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ನಾಚಿಕೆಯಾಯಿತು.

ಹಾಗಾದರೆ ಅಲ್ಲಿ ಪುಸ್ತಕ ಕಳೆಯುವುದಿಲ್ಲವೇ ಎಂದು ತಾವು ಕೇಳಬಹುದು. ಪುಸ್ತಕ ಕಳೆಯದ ಗ್ರಂಥಾಲಯ ಪ್ರಪಂಚದಲ್ಲಿ ಇಲ್ಲ. ಇಲ್ಲಿ ಕೇಂದ್ರ ಸರಕಾರದ ಕಚೇರಿಗಳಲ್ಲಿ ದುಡಿಯುವವರು ಬಹಳ ಮಂದಿ ಕುಳಿತಿದ್ದೀರಿ. ಸಾಮಾನ್ಯ ಹಣಕಾಸು ನಿಯಮಗಳ ಪುಸ್ತಕ ತಮ್ಮ ಮೇಜಿನ ಮೇಲೆಯೇ ಇರುತ್ತದೆ. ಪ್ರವಾಸ ಭತ್ಯಕ್ಕೂ ಸಾಮಾನು ಖರೀದಿಗೂ ಅದನ್ನು ತಿರುವುತ್ತೀರಿ. 2017ರ ಆವೃತ್ತಿಯಲ್ಲಿ 215ನೆಯ ನಿಯಮವನ್ನು ಒಮ್ಮೆ ನೋಡಿರಿ. ಗ್ರಂಥಾಲಯದ ಎಣಿಕೆಯ ಮಾತು ಅಲ್ಲಿದೆ. 20,000 ಪುಸ್ತಕ ಮೀರದ ಕಡೆ ವರ್ಷಕ್ಕೊಮ್ಮೆ ಪೂರ್ತಿ ಎಣಿಸಬೇಕು. 50,000ದವರೆಗೆ ಇದ್ದರೆ ಮೂರು ವರ್ಷಕ್ಕೊಮ್ಮೆಯಾದರೂ. ಅದಾದ ಮೇಲೆ ಬರುವ ಮಾತು ನಮಗೆ ಬೇಕಾದದ್ದು. ಎರವಲು ಹೋದ ಅಥವಾ ಅಲ್ಲೇ ಕುಳಿತು ನೋಡಿದ ಪ್ರತಿ 1,000 ಪುಸ್ತಕಕ್ಕೆ ವರ್ಷದಲ್ಲಿ 5 ಕಳೆದರೆ, ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಕಾರಣವಲ್ಲದಿದ್ದರೆ, ಅದು ಸಹಜವಾದ ನಷ್ಟ. 1,000 ರೂಪಾಯಿಗೆ ಮೇಲ್ಪಟ್ಟ ಬೆಲೆಯದು ಅಥವಾ ಅಪರೂಪದ್ದು ಹೋದರೆ ಮಾತ್ರ ತಪ್ಪದೆ ವಿಚಾರಣೆ ಮಾಡಬೇಕು.

ಲೆಕ್ಕ ಹಾಕಿರಿ. ನಮ್ಮಲ್ಲಿ 1,400 ಪುಸ್ತಕ ಹೊರಗೆ ಹೋಗಿತ್ತು. ಸಾವಿರಕ್ಕೆ ಐದರಂತೆ ಏಳು. ಕಾಸಿಗೆ ಕಾಸು ಎಣಿಸುವ ಸರಕಾರವೇ ಕ್ಷಮಿಸುವ ನಷ್ಟವನ್ನು, ಕನ್ನಡಿಗರು ಕನ್ನಡಿಗರಿಗೆ ಕ್ಷಮಿಸಲಿಲ್ಲ. ನಮ್ಮಲ್ಲೊಬ್ಬರು ಇಪ್ಪತ್ತೆಂಟು ವರ್ಷ ಲೆಕ್ಕಪತ್ರದ ವಿಭಾಗದಲ್ಲಿದ್ದವರು. ಈ ನಿಯಮ ಅವರಿಗೆ ಗೊತ್ತಿತ್ತು. ನಮ್ಮ ವಾಚನಾಲಯಕ್ಕೂ ಅದು ಹೊಂದುತ್ತದೆಂದು ಮಾತ್ರ ಹೊಳೆದಿರಲಿಲ್ಲ.

ಕಳೆದ ಏಳರ ಕಥೆಯನ್ನೂ ಹೇಳಿಬಿಡಬೇಕು. ಬೀಗ ಹಾಕಿದ ಕೆಲವು ತಿಂಗಳ ಮೇಲೆ ಗೋಡೆಗೆ ಸುಣ್ಣ ಹೊಡೆಸಲು ದೊಡ್ಡ ಕಪಾಟನ್ನು ಸರಿಸಿದಾಗ ಅದರ ಹಿಂದೆ ಎರಡು ಪುಸ್ತಕ ಬಿದ್ದಿದ್ದವು, ನಾಟಕವೂ ಜ್ಯೋತಿಷ್ಯವೂ. ಅಡಿಗೆಯ ಪುಸ್ತಕ ನಮ್ಮ ಮೂವರಲ್ಲಿ ಒಬ್ಬರ ಮನೆಯಲ್ಲೇ ಇತ್ತು. ಸಮಿತಿಯವರಲ್ಲವೇ, ರಿಜಿಸ್ಟರಿನಲ್ಲಿ ಬರೆಯದೆ ಒಯ್ದಿದ್ದರು. ಯಾರೆಂದು ಕೇಳಬೇಡಿ, ಈಗ ಮಾತನಾಡುತ್ತಿರುವವರೆಂದು ತಿಳಿದರೂ ಬಾಧಕವಿಲ್ಲ. ನಿಘಂಟು ಸಂಘದ ಕಚೇರಿಯ ಮೇಜಿನ ಒಳಗಿತ್ತು. ಆಮಂತ್ರಣ ಪತ್ರಿಕೆಯ ಕರಡು ತಿದ್ದಲು ತೆಗೆದವರು ಅಲ್ಲೇ ಇಟ್ಟು ಮರೆತಿದ್ದರು. ಉಳಿದವು ಮೂರು ಕಾದಂಬರಿ. ಅವುಗಳ ಮಾತು ಕೊನೆಗೆ.

ಇದರಿಂದ ನಾವು ಕಲಿತದ್ದು, ಗ್ರಂಥಾಲಯವನ್ನು ಬೀಗ ನಡೆಸುವುದಿಲ್ಲ, ದಿನದಿನದ ಸಣ್ಣ ಕೆಲಸಗಳು ನಡೆಸುತ್ತವೆ ಎಂಬುದನ್ನು. ಆ ಕೆಲಸಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಹೊರಗಿನಿಂದ ನೋಡುವವರಿಗೆ ಗ್ರಂಥಪಾಲರು ಕುರ್ಚಿಯಲ್ಲಿ ಕುಳಿತು ಪುಸ್ತಕ ಓದುತ್ತಿರುವಂತೆ ಕಾಣುತ್ತದೆ. ಓದಲು ಪುರಸೊತ್ತು ಇಲ್ಲದವರು ಯಾರಾದರೂ ಇದ್ದರೆ ಅವರೇ.

ಹೊಸ ಪುಸ್ತಕ ಬಂದೊಡನೆ ಅದನ್ನು ನಡುವೆ ಸೀಳಿದಂತೆ ತೆರೆಯಬಾರದು, ಬೆನ್ನು ಮುರಿಯುತ್ತದೆ. ಮೇಜಿನ ಮೇಲೆ ನಿಲ್ಲಿಸಿ, ಮೊದಲಿನಿಂದ ನಾಲ್ಕು ಹಾಳೆ, ಕೊನೆಯಿಂದ ನಾಲ್ಕು ಹಾಳೆ, ಹೀಗೆ ಎರಡು ಕಡೆಯಿಂದಲೂ ಒತ್ತುತ್ತ ನಡುವಿಗೆ ಬರಬೇಕು. ಆಮೇಲೆ ಮೊಹರು. ಆಮೇಲೆ ಸೇರ್ಪಡೆಯ ಪುಸ್ತಕದಲ್ಲಿ ಕ್ರಮಸಂಖ್ಯೆ. ಆ ಸಂಖ್ಯೆ ಮನುಷ್ಯನ ಜನ್ಮದಿನದಂತೆ, ಒಮ್ಮೆ ಕೊಟ್ಟದ್ದು ಬದಲಾಗದು. ಅನಂತರ ವಿಷಯದ ಸಂಖ್ಯೆ. ಇದು ಪುಸ್ತಕ ಕಪಾಟಿನಲ್ಲಿ ನಿಲ್ಲುವ ಮನೆಯ ನಂಬರು. ಅಮೆರಿಕದ ಡ್ಯೂಯಿ ಎಂಬವರು 1876ರಲ್ಲಿ ಪ್ರಕಟಿಸಿದ ದಶಾಂಶ ಪದ್ಧತಿಯನ್ನು ಬಹಳ ಕಡೆ ಅನುಸರಿಸುತ್ತಾರೆ. ಅದರಲ್ಲಿ ತಮಿಳು ಸಾಹಿತ್ಯಕ್ಕೆ 894.811, ಮಲೆಯಾಳಕ್ಕೆ 894.812, ನಮ್ಮ ಕನ್ನಡಕ್ಕೆ 894.814. ಯಾವ ಊರಿನ ದೊಡ್ಡ ಗ್ರಂಥಾಲಯಕ್ಕೆ ಹೋದರೂ, ಅಲ್ಲಿ ಈ ಪದ್ಧತಿಯಿದ್ದು ಕನ್ನಡ ಪುಸ್ತಕವೂ ಇದ್ದರೆ, ಈ ಅಂಕಿಯ ಕೆಳಗೆ ನಮ್ಮವರು ನಿಂತಿರುತ್ತಾರೆ. ಬರೆದಿಟ್ಟುಕೊಳ್ಳಿರಿ, ಹೊರಗಿನ ಊರಿನಲ್ಲಿ ನೆಂಟರ ವಿಳಾಸವಿದ್ದಂತೆ.

ಬೆಳಿಗ್ಗೆಯ ಮೊದಲ ಕೆಲಸ, ಹಿಂದಿನ ದಿನ ಹಿಂತಿರುಗಿದ ಪುಸ್ತಕಗಳನ್ನು ಅವುಗಳ ಜಾಗದಲ್ಲಿ ಇಡುವುದು. ಬೇಸರದ ಕೆಲಸ, ಆದರೆ ತಪ್ಪಿದ ಜಾಗದಲ್ಲಿಟ್ಟ ಪುಸ್ತಕವೂ ಕಳೆದ ಪುಸ್ತಕವೂ ಒಂದೇ. ಕಪಾಟು ತೆರೆದಿದ್ದರೆ ಓದುಗರು ಅಲ್ಲಿ ಇಲ್ಲಿ ತುರುಕುತ್ತಾರೆಂಬುದು ನಿಜ. ಅದಕ್ಕೆ ಮದ್ದು ಬೀಗವಲ್ಲ. “ನೋಡಿದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಡಿ” ಎಂಬ ಒಂದು ಫಲಕ, ದಿನಕ್ಕೆ ಅರ್ಧ ಗಂಟೆ ಒಬ್ಬರ ದುಡಿಮೆ, ಇಷ್ಟೇ. ಮಧ್ಯಾಹ್ನ ದುರಸ್ತಿ. ಹರಿದ ಹಾಳೆಗೆ ತೆಳುಕಾಗದ ಮತ್ತು ಮೈದಾ ಅಂಟು. ಪಾರದರ್ಶಕ ಟೇಪು ಹಚ್ಚಬೇಡಿರಿ. ನಾಲ್ಕು ವರ್ಷದಲ್ಲಿ ಹಳದಿಯಾಗಿ ಅಕ್ಷರವನ್ನೂ ಕಿತ್ತುಕೊಂಡು ಬರುತ್ತದೆ. ನಾವು ಹಚ್ಚಿ ಕೆಡಿಸಿದ್ದೇವೆ, ಆದುದರಿಂದ ಹೇಳುತ್ತಿದ್ದೇವೆ.

ಇನ್ನು ಎರವಲು ಕೊಡುವುದು. ನಮ್ಮಲ್ಲಿ ರಿಜಿಸ್ಟರಿನಲ್ಲಿ ತಾರೀಖು, ಹೆಸರು, ವಿಳಾಸ, ಪುಸ್ತಕದ ಹೆಸರು, ಲೇಖಕರು, ಬೆಲೆ, ಸಹಿ, ಎಲ್ಲವನ್ನೂ ಬರೆಸುತ್ತೇವೆ. ಒಬ್ಬರಿಗೆ ಐದು ನಿಮಿಷ. ಭಾನುವಾರ ಹತ್ತು ಜನ ಬಂದರೆ ಹತ್ತನೆಯವರು ಮುಕ್ಕಾಲು ಗಂಟೆ ನಿಲ್ಲಬೇಕು. ನೀನಾ ಬ್ರೌನ್ ಎಂಬ ಅಮೆರಿಕದ ಗ್ರಂಥಪಾಲರು 1895ರಲ್ಲಿಯೇ ಇದಕ್ಕೊಂದು ಸುಲಭದ ದಾರಿ ತೋರಿಸಿದರು. ಓದುಗರ ಬಳಿ ಅವರ ಹೆಸರುಳ್ಳ ಒಂದು ಪುಟ್ಟ ಚೀಲದಂಥ ಚೀಟಿ. ಪುಸ್ತಕದ ಹಿಂಬದಿಯಲ್ಲಿ ಅದರ ಹೆಸರುಳ್ಳ ಒಂದು ಕಾರ್ಡು. ಪುಸ್ತಕ ಕೊಡುವಾಗ ಕಾರ್ಡನ್ನು ತೆಗೆದು ಓದುಗರ ಚೀಟಿಯೊಳಗೆ ತುರುಕಿ, ಹಿಂತಿರುಗಿಸಬೇಕಾದ ತಾರೀಖಿನ ಹಿಂದೆ ತಟ್ಟೆಯಲ್ಲಿ ನಿಲ್ಲಿಸುವುದು. ಪುಸ್ತಕದಲ್ಲಿ ತಾರೀಖಿನ ಮೊಹರು ಒತ್ತುವುದು. ಅರ್ಧ ನಿಮಿಷ. ಪುಸ್ತಕ ಬಂದಾಗ ಕಾರ್ಡು ಪುಸ್ತಕಕ್ಕೆ, ಚೀಟಿ ಓದುಗರಿಗೆ. ಎಷ್ಟು ಚೀಟಿಯೋ ಅಷ್ಟೇ ಪುಸ್ತಕ. ಯಾರ ಬಳಿ ಏನಿದೆ, ಯಾವುದರ ಅವಧಿ ಮುಗಿದಿದೆ ಎಂಬುದು ತಟ್ಟೆಯನ್ನು ನೋಡಿದರೆ ತಿಳಿಯುತ್ತದೆ. ಈಗ ದೊಡ್ಡ ಗ್ರಂಥಾಲಯಗಳಲ್ಲಿ ಕಂಪ್ಯೂಟರು ಈ ಕೆಲಸ ಮಾಡುತ್ತದೆ. ನಮಗೆ ಒಂದು ಮರದ ತಟ್ಟೆ ಸಾಕು. ನಮ್ಮ ಸದಸ್ಯರಲ್ಲಿ ಬಡಗಿ ಕೆಲಸದವರೊಬ್ಬರು ಮಾಡಿಕೊಟ್ಟಿದ್ದಾರೆ. ಬಾಗಿಲ ಬಳಿ ಇಟ್ಟಿದೆ, ನೋಡಿರಿ.

ಓದುಗರ ಹೊತ್ತು ಉಳಿಸುವುದನ್ನು ಒಂದು ಧರ್ಮವೆಂದೇ ಹೇಳಿದವರು ಎಸ್. ಆರ್. ರಂಗನಾಥನ್. 1892ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಿ ಹುಟ್ಟಿದ ಇವರು ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ ಬಂದು, ಕೆಲಸ ಬೇಸರವಾಗಿ, ಪಾಠ ಹೇಳುವುದಕ್ಕೇ ಮರಳುತ್ತೇನೆಂದು ಹಟ ಹಿಡಿದರಂತೆ. ಲಂಡನ್ನಿಗೆ ಹೋಗಿ ಅಲ್ಲಿಯ ಗ್ರಂಥಾಲಯಗಳನ್ನು ನೋಡಿ ಬಂದ ಮೇಲೆ ಆ ಮಾತು ಮತ್ತೆ ಎತ್ತಲಿಲ್ಲ. 1931ರಲ್ಲಿ ಐದು ಸೂತ್ರಗಳ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಪುಸ್ತಕವನ್ನು ಕಾಯುವುದಕ್ಕಿಂತ ಕೈಗೆ ಕೊಡುವುದು ದೊಡ್ಡದೆಂಬುದು ಮೊದಲನೆಯದರ ತಾತ್ಪರ್ಯ. ಹಿಂದೆ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಮೇಜಿಗೆ ಬಿಗಿಯುತ್ತಿದ್ದರು. ಅದನ್ನು ಓದಿ ನಾವು ನಕ್ಕೆವು. ನಕ್ಕ ಮೇಲೆ ನಮ್ಮ ಜೇಬಿನಲ್ಲಿ ಬೀಗದ ಕೈ ಕಿಣಿಗುಟ್ಟಿತು. ರಂಗನಾಥನ್ ಅವರು ಕೆಲವು ವರ್ಷ ನಮ್ಮ ಈ ದೆಹಲಿಯ ವಿಶ್ವವಿದ್ಯಾಲಯದಲ್ಲಿದ್ದರು. ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮ ನಾಡಿನಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಶಾಸನವಾಯಿತು. ಮನೆ ಜಮೀನುಗಳ ತೆರಿಗೆಯೊಡನೆ ಗ್ರಂಥಾಲಯಕ್ಕೆಂದು ಒಂದು ಕರ ವಸೂಲಾಗುತ್ತದೆ. ಊರಿನಲ್ಲಿ ಮನೆಯಿರುವವರು ಕಂದಾಯದ ರಸೀತಿಯನ್ನು ಸರಿಯಾಗಿ ನೋಡಿದರೆ ಕಂಡೀತು. ಅಂದರೆ ಅಲ್ಲಿಯ ಗ್ರಂಥಾಲಯ ದಾನದ್ದಲ್ಲ, ನಾವು ಕಾಸು ಕೊಟ್ಟದ್ದು. ಊರಿಗೆ ಹೋದಾಗ ಒಳಗೆ ಹೋಗಿ ಕುಳಿತುಕೊಳ್ಳಲು ಸಂಕೋಚಪಡಬೇಕಾದ್ದಿಲ್ಲ.

ಇದೇ ಬಗೆಯ ಇನ್ನೊಂದು ಹಕ್ಕೂ ಉಂಟು. 1954ರ ಒಂದು ಕೇಂದ್ರ ಶಾಸನದ ಪ್ರಕಾರ ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಪ್ರಕಾಶಕರು ಸ್ವಂತ ಖರ್ಚಿನಿಂದ ನಾಲ್ಕು ಗ್ರಂಥಾಲಯಗಳಿಗೆ ಕಳಿಸಬೇಕು. ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈಯ ಕನ್ನೆಮರಾ, ಮುಂಬಯಿಯ ಕೇಂದ್ರ ಗ್ರಂಥಾಲಯ, ನಾಲ್ಕನೆಯದು ದೆಹಲಿ ಸಾರ್ವಜನಿಕ ಗ್ರಂಥಾಲಯ. ಧಾರವಾಡದಲ್ಲಿ ಅಚ್ಚಾದ ಕಾದಂಬರಿಯೂ ಮೈಸೂರಿನಲ್ಲಿ ಅಚ್ಚಾದ ಕವಿತಾ ಸಂಗ್ರಹವೂ ಕಾನೂನಿನಂತೆ ನಮ್ಮ ಈ ಊರಿಗೆ ಬರಬೇಕಾದವು. ಎಲ್ಲ ಪ್ರಕಾಶಕರೂ ತಪ್ಪದೆ ಕಳಿಸುತ್ತಾರೆಂದಲ್ಲ. ಆದರೆ ಕೇಳುವವರಿಲ್ಲದಿದ್ದರೆ ಬಂದ ಪುಸ್ತಕವೂ ಗಂಟಿನಲ್ಲೇ ಮಲಗಿರುತ್ತದೆ. ಕನ್ನಡ ಪುಸ್ತಕ ಬೇಕೆಂದು ಆ ಮೇಜಿನ ಮುಂದೆ ಹೋಗಿ ಹತ್ತು ಜನ ಹತ್ತು ಸಲ ಕೇಳಬೇಕು. ನಾವು ತಿಂಗಳಿಗೊಮ್ಮೆ ಹೋಗುವುದೆಂದು ಗೊತ್ತುಮಾಡಿದ್ದೇವೆ. ಜೊತೆಗೆ ಬರುವವರು ಹೆಸರು ಕೊಡಬಹುದು.

ಗ್ರಂಥಾಲಯವೆಂದರೆ ಪುಸ್ತಕ ಮಾತ್ರವಲ್ಲ ಎಂಬುದನ್ನೂ ದೆಹಲಿಯವರು ಮೊದಲ ವರ್ಷಗಳಲ್ಲಿಯೇ ತೋರಿಸಿದರು. ಮಕ್ಕಳಿಗೆ ಕಥೆ ಹೇಳುವುದು, ನಾಟಕ, ಚರ್ಚಾಕೂಟ, ಚಲನಚಿತ್ರ ಪ್ರದರ್ಶನ, ಹೊಸದಾಗಿ ಅಕ್ಷರ ಕಲಿತ ದೊಡ್ಡವರಿಗೆ ಬೇರೆಯೇ ಪುಸ್ತಕಗಳು. ಪುಸ್ತಕ ತುಂಬಿದ ಮೋಟಾರು ಗಾಡಿ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಬಡಾವಣೆಗೆ ಬಂದು ನಿಲ್ಲುವುದು. ಮುಂದೆ ಕಣ್ಣು ಕಾಣದವರಿಗೆ ಬೆರಳಿನಿಂದ ಓದುವ ಬ್ರೈಲ್ ಪುಸ್ತಕವೂ ಬಂತು. ಜನ ಗ್ರಂಥಾಲಯಕ್ಕೆ ಬರಲಾರದಿದ್ದರೆ ಗ್ರಂಥಾಲಯವೇ ಜನರ ಬಳಿಗೆ ಹೋಗುವುದು, ಇದು ಹೊಸ ಮಾತೇನೂ ಅಲ್ಲ. ಬರೋಡೆಯ ಸಯಾಜಿರಾವ್ ಮಹಾರಾಜರು 1910ರಲ್ಲಿ ಬೋರ್ಡನ್ ಎಂಬ ಅಮೆರಿಕದವರನ್ನು ಕರೆಸಿ ಸಂಸ್ಥಾನದಾದ್ಯಂತ ಗ್ರಂಥಾಲಯ ಹರಡಿಸಿದಾಗ, ಪುಸ್ತಕ ತುಂಬಿದ ಪೆಟ್ಟಿಗೆಗಳು ಹಳ್ಳಿಗಳಿಗೆ ಸಂಚಾರ ಹೋಗುತ್ತಿದ್ದವು. 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿ ಹಳ್ಳಿಗೆ ಹೋದರು.

ಇದನ್ನು ಓದುವಾಗ ನಮಗೆ ನಮ್ಮ ಬಾಗಿಲಿನ ಫಲಕ ನೆನಪಾಯಿತು: “ಸಂಜೆ 6ರಿಂದ 9”. ಈ ಹೊತ್ತನ್ನು ಗೊತ್ತುಮಾಡಿದವರು ಯಾರು? ಕಚೇರಿಯಿಂದ ಐದೂವರೆಗೆ ಬಿಡುಗಡೆಯಾಗುವ ಗುಮಾಸ್ತರು. ಹೋಟೆಲಿನವರಿಗೆ ಆ ಮೂರು ಗಂಟೆ ಉಸಿರಾಡಲು ಬಿಡುವಿರುವುದಿಲ್ಲ. ಅವರಿಗೆ ಬಿಡುವು ಮಧ್ಯಾಹ್ನ 3ರಿಂದ 5. ಆಗ ನಮ್ಮ ಬಾಗಿಲಿಗೆ ಬೀಗ. ‘ಉಚಿತ ವಾಚನಾಲಯ, ಸರ್ವರಿಗೂ ಸ್ವಾಗತ’ ಎಂದು ಮೇಲೆ ಬರೆದು, ಅರ್ಧ ಜನ ಬರಲಾರದ ಹೊತ್ತಿನಲ್ಲಿ ಇಷ್ಟು ವರ್ಷ ತೆರೆದುಕೊಂಡು ಕುಳಿತಿದ್ದೇವೆ. ಯಾರೂ ದೂರಲಿಲ್ಲ. ಬರಲಾರದವರು ದೂರಲಿಕ್ಕೂ ಬರುವುದಿಲ್ಲವಷ್ಟೆ.

ಇಂದು ಪತ್ರಿಕೆಗೋಸ್ಕರ ವಾಚನಾಲಯಕ್ಕೆ ಬರಬೇಕಾದ್ದಿಲ್ಲ. ಹಿಂದೆ ಹುಬ್ಬಳ್ಳಿ, ಬೆಂಗಳೂರಿನ ಪತ್ರಿಕೆ ರೈಲಿನಲ್ಲಿ ಬಂದು ತಲಪುವ ಹೊತ್ತಿಗೆ ಸುದ್ದಿ ಹಳಸಿರುತ್ತಿತ್ತು. ಆದರೂ ಜನ ಕಾದು ಕುಳಿತು ಓದುತ್ತಿದ್ದರು. ಈಗ ಊರಿನ ಮಳೆಯ ಸುದ್ದಿ ಮಳೆ ನಿಲ್ಲುವ ಮುಂಚೆ ಜೇಬಿನ ಫೋನಿಗೆ ಬರುತ್ತದೆ. ಆದುದರಿಂದ ವಾಚನಾಲಯ ಮುಚ್ಚಬಹುದೆಂದು ನಮ್ಮ ಕಾರ್ಯಕಾರಿ ಮಂಡಲಿಯಲ್ಲಿಯೇ ಒಬ್ಬ ಹಿರಿಯರು ಸೂಚಿಸಿದ್ದಾರೆ. ಅವರ ಮೇಲೆ ನಮಗೆ ಗೌರವವಿದೆ, ಮಾತು ಒಪ್ಪಿಗೆಯಿಲ್ಲ. ಫೋನಿನಲ್ಲಿ ಸಿಗದ್ದು ಇಲ್ಲಿ ಮೂರು ಸಿಗಬೇಕು. ಕೂರಲು ಬೆಳಕಿರುವ ಜಾಗ. ಹರಿದರೂ ಪೂರ್ತಿಯಾಗಿರುವ ಪುಸ್ತಕ. ತಿಳಿಯದ್ದನ್ನು ಕೇಳಿದರೆ ಕನ್ನಡದಲ್ಲಿ ಹೇಳುವ ಒಬ್ಬ ಮನುಷ್ಯ. ಕಳೆದ ಮಳೆಗಾಲದಿಂದ ಭಾನುವಾರ ಬೆಳಿಗ್ಗೆ ನಾವು ಒಂದು ಮೇಜು ಹಾಕಿದ್ದೇವೆ. ಬ್ಯಾಂಕಿನ ಕಾಗದ, ಭವಿಷ್ಯನಿಧಿಯ ಅರ್ಜಿ, ವಿಮೆಯ ನೋಟೀಸು, ಹಿಂದಿ ಇಂಗ್ಲಿಷಿನಲ್ಲಿ ಬಂದದ್ದನ್ನು ಓದಿ ಹೇಳುವುದು, ತುಂಬಿಕೊಡುವುದು. ಗುಮಾಸ್ತರಾಗಿ ಇಷ್ಟು ವರ್ಷ ಕಲಿತ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಬಳಕೆ ಇದ್ದಂತಿಲ್ಲ. ಕಾಗದ ಓದಿಸಲು ಬಂದವರು ಕಾಯುವಾಗ ಪುಸ್ತಕ ತಿರುವುತ್ತಾರೆ. ತಿರುವಿದವರು ಕೇಳುತ್ತಾರೆ: “ಇದನ್ನು ಒಯ್ಯಬಹುದಾ?” ಆಗ ನಾವು ಠೇವಣಿಯ ಮಾತೆತ್ತಬೇಕು. ಅದೇ ನಮಗೆ ಸಾಕಾಗಿ ಹೋದದ್ದು.

ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಮಾತನ್ನೂ ಒಂದು ಗಳಿಗೆ ಹೇಳಬೇಕು. ಮನೆಯಲ್ಲಿ ಕನ್ನಡ ಆಡುತ್ತಾರೆ, ಅಕ್ಷರ ಬಾರದು. ಶನಿವಾರದ ಕಥೆಯ ಕೂಟಕ್ಕೆ ಎಂಟೋ ಹತ್ತೋ ಮಕ್ಕಳು ಬರುತ್ತವೆ. ಕಥೆ ಹೇಳುವುದು ಹೆಚ್ಚಾಗಿ ಅಜ್ಜಿಯಂದಿರು. ಅರ್ಧ ಕಥೆ ಹೇಳಿ ನಿಲ್ಲಿಸಿ, ಮಿಕ್ಕದ್ದು ಈ ಪುಸ್ತಕದಲ್ಲಿದೆ ಎನ್ನುತ್ತಾರೆ. ಜಾಣ ಅಜ್ಜಿಯರು. ಇಬ್ಬರು ಮಕ್ಕಳು ಆ ಮಿಕ್ಕ ಅರ್ಧಕ್ಕೋಸ್ಕರವೇ ಅಕ್ಷರ ಕಲಿತಿದ್ದಾರೆ. ಉಳಿದವರು ಅಜ್ಜಿಯನ್ನೇ ಪೀಡಿಸಿ ಬಾಯಿಂದ ಹೇಳಿಸಿಕೊಳ್ಳುತ್ತಾರೆ.

ಈಗ ಸಭೆಯ ಮುಂದೆ ನಮ್ಮ ಕೋರಿಕೆ. ಎರಡು ವರ್ಷದ ಹಿಂದಿನ ನಿರ್ಣಯವನ್ನು ರದ್ದುಮಾಡಬೇಕು. ಕಪಾಟಿನ ಬೀಗ ತೆಗೆಯಬೇಕು; ಠೇವಣಿ ಕೊಟ್ಟವರಿಗೆ ಹಣ ಹಿಂದಕ್ಕೆ ಕೊಡಬೇಕು. ದೆಹಲಿಯ ವಿಳಾಸ ಬೇಡ. ಕೆಲಸ ಮಾಡುವ ಜಾಗದ ಹೆಸರು, ಊರಿನ ವಿಳಾಸ, ಪರಿಚಯ ಹೇಳುವ ಒಬ್ಬ ಸದಸ್ಯರು, ಇಷ್ಟು ಸಾಕು. ವಾರದಲ್ಲಿ ಎರಡು ದಿನ ಮಧ್ಯಾಹ್ನ 3ರಿಂದ 5ರವರೆಗೆ ಬಾಗಿಲು ತೆರೆಯಬೇಕು. ಇದಕ್ಕೆ ನಿವೃತ್ತರಾದ ನಾಲ್ವರು ಬೇಕಾಗಿದ್ದಾರೆ, ಇಬ್ಬರು ಈಗಾಗಲೇ ಒಪ್ಪಿದ್ದಾರೆ. ಹೋಟೆಲಿನವರ ಕೋಣೆಗಳಿಗೆ ತಿಂಗಳಿಗೊಂದು ಪುಸ್ತಕದ ಪೆಟ್ಟಿಗೆ ಕಳಿಸಬೇಕು. ಪೆಟ್ಟಿಗೆಯ ಜವಾಬ್ದಾರಿ ಅಲ್ಲಿಯ ಒಬ್ಬ ಓದುಗರದು, ನಮ್ಮದಲ್ಲ. ಸಮಿತಿಯವರೂ ಚೀಟಿಯಿಲ್ಲದೆ ಪುಸ್ತಕ ಒಯ್ಯಕೂಡದು. ಈ ಕೊನೆಯ ನಿಯಮ ಬಹಳ ಅಗತ್ಯ. ಅಡಿಗೆಯ ಪುಸ್ತಕದ ಪ್ರಸಂಗ ಈಗಷ್ಟೇ ಹೇಳಿದೆವು.

ಹೀಗೆ ಮಾಡಿದರೆ ಪುಸ್ತಕ ಕಳೆಯುತ್ತದೆ. ವರ್ಷಕ್ಕೆ ಐದೋ ಏಳೋ. ಅದರ ಬೆಲೆಯನ್ನು ಆಯವ್ಯಯದಲ್ಲಿ ಮೊದಲೇ ಬರೆದಿಟ್ಟಿದ್ದೇವೆ, ಸೀಮೆಸುಣ್ಣ ಪೊರಕೆಗಳ ಖರ್ಚಿನ ಕೆಳಗೆ. ಖಜಾಂಚಿಯವರು ಮುಖ ಸಿಂಡರಿಸಿದರು, ಸಹಿ ಹಾಕಿದರು.

ಉಳಿದ ಮೂರು ಕಾದಂಬರಿಗಳ ಮಾತು. ಎರಡು ಇನ್ನೂ ಬಂದಿಲ್ಲ; ಬರಲಿಕ್ಕಿಲ್ಲ. ಒಂದು ಹೋದ ತಿಂಗಳು ಅಂಚೆಯಲ್ಲಿ ಬೈಂದೂರಿನಿಂದ ಬಂತು. ಕಳಿಸಿದವರು ದೋಸೆಯ ಕಾವಲಿಯ ಆ ತರುಣರಲ್ಲ, ಅವರ ಜೊತೆಗೆ ಕೆಲಸಕ್ಕಿದ್ದ ಇನ್ನೊಬ್ಬರು. ತಂದೆ ತೀರಿಹೋದ ಸುದ್ದಿ ಬಂದು ರಾತ್ರೋರಾತ್ರಿ ಹೊರಟವರು, ಪುಸ್ತಕ ಬಟ್ಟೆಯ ನಡುವೆ ಹೋಗಿತ್ತಂತೆ. ಮರಳಿ ದೆಹಲಿಗೆ ಬರಲಾಗಲಿಲ್ಲ. ಬೀಗದ ಸುದ್ದಿಯನ್ನು ಗೆಳೆಯರಿಂದ ಕೇಳಿ, ತನ್ನಿಂದಲೇ ಹೀಗಾಯಿತೇನೋ ಎಂದು ಮನಸ್ಸಿಗೆ ಹಚ್ಚಿಕೊಂಡಿದ್ದರು. ಪುಸ್ತಕಕ್ಕೆ ಹೊಸದಾಗಿ ಕಂದು ಕಾಗದದ ಹೊದಿಕೆ ಹಾಕಿದ್ದರು. ಒಳಗೊಂದು ಚೀಟಿ: ದಂಡ ಎಷ್ಟಾಗಿದೆ ತಿಳಿಸಿದರೆ ಕಳಿಸುವುದಾಗಿಯೂ, ಇದರ ಎರಡನೆಯ ಭಾಗವಿದ್ದರೆ ಓದುವ ಆಸೆಯಿದೆಯೆಂದೂ.

ದಂಡವೇನೂ ಇಲ್ಲವೆಂದು ಬರೆದಿದ್ದೇವೆ. ಎರಡನೆಯ ಭಾಗ ನಮ್ಮ ಕಪಾಟಿನಲ್ಲಿಲ್ಲ. ತಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಮುಂದಿನ ಭಾನುವಾರ ತಂದುಕೊಡಬೇಕು; ಪುಸ್ತಕದ ಹೆಸರನ್ನು ಬಾಗಿಲ ಬಳಿಯ ಕರಿಹಲಗೆಯ ಮೇಲೆ ಬರೆದಿದ್ದೇವೆ. ಅಂಚೆಯ ಖರ್ಚು ನಮ್ಮದು.